ಕಾರವಾರದ ತಾರಸಿಗೆ ಹಸಿರು ಹೊದಿಸುವ ಮೊದಲು

ಕಾರವಾರದಲ್ಲಿ ತಾರಸಿ ಸೋರಿತೆಂದರೆ ಮೇಲೊಂದು ತಗಡಿನ ಶೀಟು ಹಾಕಿಸುವುದು ರೂಢಿ. ನಾವು 400 ಚದರ ಅಡಿಯ ತಾರಸಿಗೆ ಶೀಟಿನ ಬದಲು ಮಣ್ಣು, ಗಿಡ ಹೊದಿಸಿದೆವು. ವರ್ಷಕ್ಕೆ ಹೆಚ್ಚುಕಡಿಮೆ 3000 ಮಿ.ಮೀ. ಮಳೆ ಸುರಿಯುವ ಊರಲ್ಲಿ ಇದು ಮುಕ್ಕಾಲು ಪಾಲು ನೀರಿನ ಕೆಲಸ. ಗಿಡದ ಮಾತು ಕೊನೆಗೆ.

ಮೊದಲು ಸ್ಲ್ಯಾಬಿನ ಅಡಿಭಾಗವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಬೇಕು. ಟೊಳ್ಳು ಸದ್ದು ಬಂದಲ್ಲಿ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿರಬಹುದು. ಅಂಥ ತಾರಸಿಯ ಮೇಲೆ ಒಂದು ಬುಟ್ಟಿ ಮಣ್ಣನ್ನೂ ಹಾಕಬೇಡಿ.

ಆಮೇಲೆ ಭಾರ. ಜನ ಓಡಾಡುವ ತಾರಸಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆ.ಜಿ. ಲೆಕ್ಕ ಹಿಡಿದಿರುತ್ತಾರೆ. ಒಣ ಮಣ್ಣಿನ ತೂಕ ನಂಬಿದರೆ ಮೋಸ ಹೋಗುತ್ತೇವೆ. ತಳಕ್ಕೆ ತೂತು ಕೊರೆದ 10 ಲೀಟರ್ ಬಕೆಟಿಗೆ ಗಿಡಕ್ಕೆ ಹಾಕುವ ಮಣ್ಣಿನ ಮಿಶ್ರಣ ತುಂಬಿ, ನೀರು ಕುಡಿಸಿ, ಅರ್ಧ ಗಂಟೆ ಬಸಿದ ಮೇಲೆ ತೂಗಿದೆವು: 12 ಕೆ.ಜಿ. ಅಂದರೆ 8 ಸೆಂ.ಮೀ. ದಪ್ಪಕ್ಕೆ ಚದರ ಮೀಟರಿಗೆ 96 ಕೆ.ಜಿ., ನೀರು ಬಸಿದುಹೋಗಲು ಕೆಳಗೆ ಹಾಕುವ ಹಂಚಿನ ಚೂರಿನ ಪದರ ಸೇರಿದರೆ ಸುಮಾರು 140. ಮೇಲೆ ನಾಲ್ಕು ಜನ ನಿಲ್ಲಲು ಉಳಿಯುವುದು ಬಹಳ ಕಮ್ಮಿ. ಹಾಗಾಗಿ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡದೆ ಕೆಲಸ ಶುರು ಮಾಡಬಾರದು.

ವಾಟರ್‌ಪ್ರೂಫಿಂಗ್ ಫೆಬ್ರವರಿಯಲ್ಲಿ. ಬಿರುಕುಗಳನ್ನು ವಿ ಆಕಾರಕ್ಕೆ ಕೆತ್ತಿ ಪಾಲಿಮರ್ ಗಾರೆ ತುಂಬಿ, 100ಕ್ಕೆ 1ರ ಇಳಿಜಾರು ಕೊಟ್ಟು, ಗೋಡೆ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿದೆವು. ಫೈಬರ್ ಜಾಲರಿ ನಡುವೆ ಇಟ್ಟು ವಾಟರ್‌ಪ್ರೂಫಿಂಗ್ ಲೇಪನ ಎರಡು ಕೋಟ್, ಪ್ಯಾರಾಪೆಟ್ (ತಾರಸಿಯ ಸುತ್ತುಗೋಡೆ) ಮೇಲೆ ಒಂದು ಅಡಿ ಎತ್ತರದವರೆಗೆ. ಸೋರುತ್ತದೆಯೇ ನೋಡಲು ಎರಡು ಇಂಚು ನೀರು ನಿಲ್ಲಿಸಿ 72 ಗಂಟೆ ಕಾದೆವು.

ಇಷ್ಟಾದ ಮೇಲೂ ಮಣ್ಣು ಹಾಕಲಿಲ್ಲ. ಒಂದು ಇಡೀ ಮಳೆಗಾಲ ತಾರಸಿಯನ್ನು ಬೋಳಾಗಿಯೇ ಬಿಟ್ಟೆವು. ಮೂರು ದಿನದ ನಿಂತ ನೀರಿಗೆ ಸಿಗದ ಸೋರಿಕೆ ಜುಲೈನ ಬೀಸುಮಳೆಗೆ ಸಿಕ್ಕಿಬಿತ್ತು, ಪೈಪು ಸ್ಲ್ಯಾಬನ್ನು ಸೇರುವ ಜಾಗದಲ್ಲಿ. ಮಣ್ಣು ಹೊದಿಸಿದ್ದರೆ ಅದನ್ನು ಹುಡುಕಲು ಎಲ್ಲವನ್ನೂ ಬಗೆಯಬೇಕಿತ್ತು.

ಅಕ್ಟೋಬರಿನಲ್ಲಿ ಪದರಗಳು. ಬೇರು ತಡೆಗೆ 500 ಮೈಕ್ರಾನ್ (ಅರ್ಧ ಮಿ.ಮೀ.) ದಪ್ಪದ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ, ಒಂದರ ಮೇಲೊಂದು ಒಂದಡಿ ಹತ್ತುವಂತೆ. ಅದರ ಮೇಲೆ 4 ಸೆಂ.ಮೀ. ಮಂಗಳೂರು ಹಂಚಿನ ಚೂರು, ಮುಕ್ಕಾಲು ಇಂಚಿನದು, ತೊಳೆದದ್ದು. ಹಳೇ ಮನೆ ಕೆಡವುವಲ್ಲಿ ಬೇಕಾದಷ್ಟು ಸಿಗುತ್ತದೆ. ಚಿರೇಕಲ್ಲಿನ ಚೂರು ಬೇಡ, ಪುಡಿಯಾಗಿ ನೀರಿನ ದಾರಿ ಕಟ್ಟುತ್ತದೆ. ಮೇಲೆ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ಜಿಯೋಟೆಕ್ಸ್‌ಟೈಲ್, ಅಂದರೆ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ. ಗೋಣಿತಾಟು ಹಾಕಿದರೆ ಒಂದೇ ಮಳೆಗಾಲಕ್ಕೆ ಕೊಳೆತುಹೋಗುತ್ತದೆ.

ಮಿಶ್ರಣ ಅಳತೆಯಲ್ಲಿ ಹೀಗೆ: ಸಣ್ಣ ಹಂಚಿನ ಚೂರು 5 ಪಾಲು, ಕೆಂಪು ಮಣ್ಣು 2, ತೆಂಗಿನ ನಾರಿನ ಪುಡಿ 2, ಗೊಬ್ಬರ 1. ಕೆಂಪು ಮಣ್ಣು ಹೆಚ್ಚಾದರೆ ಬೇಸಿಗೆಯಲ್ಲಿ ಕಲ್ಲಾಗುತ್ತದೆ. ನಾರಿನ ಪುಡಿಯಲ್ಲಿ ಉಪ್ಪಿರುತ್ತದೆ, ಮೂರು ನೀರಿನಲ್ಲಿ ತೊಳೆದೇ ಬಳಸಬೇಕು.

100 ಮಿ.ಮೀ. ಮಳೆ ಬಿದ್ದ ದಿನ ಇಷ್ಟು ತಾರಸಿಯ ಮೇಲೆ 3700 ಲೀಟರ್ ಬೀಳುತ್ತದೆ. ನಾಲ್ಕು ಇಂಚಿನ ಪೈಪು ಎರಡು ಇರಲಿ, ಬಾಯಿಯ ಸುತ್ತ ಒಂದೂವರೆ ಅಡಿ ಬರೀ ಕಲ್ಲು. ಎರಡೂ ಕಟ್ಟಿಕೊಂಡರೆ ನೀರು ಹೊರಹೋಗಲು ಪ್ಯಾರಾಪೆಟ್‌ನಲ್ಲಿ ಮಣ್ಣಿನ ಮಟ್ಟಕ್ಕೇ ಒಂದು ತೂಬು.

ಪಡುವಣ ಬದಿಗೆ ಉಪ್ಪುಗಾಳಿ ತಾಳಿಕೊಳ್ಳುವ ಅಡುಂಬು ಬಳ್ಳಿ, ಉಳಿದೆಡೆ ಗೋಣಿ ಸೊಪ್ಪು, ದೊಡ್ಡಪತ್ರೆ, ನಿತ್ಯಪುಷ್ಪ. ಒಂದೆಲಗ ಪೈಪಿನ ಹತ್ತಿರದ ತಂಪಿನಲ್ಲಿ ಮಾತ್ರ ಉಳಿಯಿತು. ಮಾರ್ಚ್‌ನಿಂದ ಮೇ ತನಕ ದಿನ ಬಿಟ್ಟು ದಿನ ನೀರು ಬೇಕೇ ಬೇಕು.

ಹಕ್ಕಿ ತಂದ ಅಶ್ವತ್ಥ, ಆಲದ ಸಸಿಗಳನ್ನು ತಿಂಗಳಿಗೊಮ್ಮೆ ಹುಡುಕಿ ಕೀಳಬೇಕು. ಆಗಸ್ಟಿನ ಹಸಿ ಮಣ್ಣಿನಲ್ಲಿ ಬೇರುಸಮೇತ ಬರುತ್ತದೆ. ಕತ್ತರಿಸಿ ಬಿಟ್ಟರೆ ಮತ್ತೆ ಚಿಗುರಿ ಹಾಳೆಯ ಕೂಡುಭಾಗ ಹುಡುಕುತ್ತದೆ.