ಎಲ್ಲ ಕೊರಿಯರ್‌ಗಳಿಗೂ ಒಂದೇ ಲಾಕರ್: ಅಪಾರ್ಟ್‌ಮೆಂಟಿನಲ್ಲಿ ಯೋಜಿಸುವುದು ಹೇಗೆ?

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಹಗಲು ಬಂದ ಪಾರ್ಸೆಲ್‌ಗಳು ಸೆಕ್ಯೂರಿಟಿ ಕ್ಯಾಬಿನ್ನಿನಲ್ಲಿ ರಾಶಿ ಬೀಳುತ್ತವೆ. ಸಂಜೆ ಮನೆಗೆ ಮರಳಿದವರು ಅದರಲ್ಲಿ ತಮ್ಮದನ್ನು ಹುಡುಕಿಕೊಳ್ಳಬೇಕು. ಇದನ್ನು ತಪ್ಪಿಸಲು ಲಾಕರ್ (ಪಾರ್ಸೆಲ್ ಇಟ್ಟುಹೋಗಲು, ಓಟಿಪಿಯಿಂದ ತೆರೆಯುವ ಖಾನೆಗಳಿರುವ ಪೆಟ್ಟಿಗೆ) ಇಡಿಸುವ ನಿವಾಸಿಗಳ ಸಂಘವು, ಅದು ಒಂದೇ ಕಂಪನಿಯದೋ ಎಲ್ಲರಿಗೂ ತೆರೆದದ್ದೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಜರ್ಮನಿಯಲ್ಲಿ 2001ರಲ್ಲಿ ಆರಂಭವಾದ ‘ಪ್ಯಾಕ್‌ಸ್ಟೇಷನ್’ ಲಾಕರ್ ಜಾಲ ಡಿಎಚ್‌ಎಲ್ ಎಂಬ ಕೊರಿಯರ್ ಕಂಪನಿಯದು. ಸಿಂಗಪುರದ ‘ಪಿಕ್’ ಜಾಲವಾದರೋ ಸರ್ಕಾರವೇ ಮುಂದೆ ನಿಂತು ಹಲವು ಕೊರಿಯರ್‌ಗಳಿಗಾಗಿ ಕಟ್ಟಿದ್ದು. ಕಂಪನಿಗೊಂದು ಪೆಟ್ಟಿಗೆ ನಿಲ್ಲಿಸುವಷ್ಟು ಜಾಗ ನಮ್ಮಲ್ಲಿಲ್ಲವಾದ್ದರಿಂದ ಎರಡನೆಯದೇ ಸರಿಯಾದ ದಾರಿ.

ಮುಂದಿನದು ಲೆಕ್ಕ. ಗೇಟಿನ ರಿಜಿಸ್ಟರ್ ನೋಡಿ ದಿನಕ್ಕೆ ಸರಾಸರಿ ಎಷ್ಟು ಪಾರ್ಸೆಲ್ ಬರುತ್ತವೆಂದು ಬರೆದುಕೊಳ್ಳಿ. 60 ಬರುತ್ತವೆ, ಪ್ರತಿಯೊಂದೂ ಖಾನೆಯಲ್ಲಿ ಸರಾಸರಿ 36 ಗಂಟೆ ಉಳಿಯುತ್ತದೆ ಎಂದಾದರೆ ಯಾವುದೇ ಹೊತ್ತಿನಲ್ಲಿ ಸುಮಾರು 90 ಖಾನೆಗಳು ತುಂಬಿರುತ್ತವೆ. ಅದೇ 12 ಗಂಟೆಯಲ್ಲಿ ತೆಗೆದುಕೊಂಡರೆ 30 ಸಾಕು. ಹೀಗಾಗಿ ಹೆಚ್ಚು ಖಾನೆ ಕೊಳ್ಳುವ ಮೊದಲು, 24 ಗಂಟೆಯ ನಂತರ ನೆನಪಿನ ಸಂದೇಶ, 48 ಗಂಟೆಯ ನಂತರ ಶುಲ್ಕ ಎಂಬಂಥ ನಿಯಮವನ್ನು ಸಭೆಯಲ್ಲಿ ಒಪ್ಪಿಸಿಕೊಳ್ಳುವುದು ಮೇಲು. (ಒಪ್ಪಿಸುವುದು ಸುಲಭವಲ್ಲ, ನಿಜ.) ದಸರಾ–ದೀಪಾವಳಿಯ ರಿಯಾಯಿತಿ ಮಾರಾಟಕ್ಕೆಂದು ಕೆಲವು ಖಾನೆಗಳನ್ನು ಹೆಚ್ಚಿಗೆ ಸೇರಿಸಿ.

ಜಾಗ ಖಾಲಿಯಿದೆಯೆಂದು ಬೇಸ್‌ಮೆಂಟಿನಲ್ಲಿ ಇಡಬೇಡಿ. ಅಲ್ಲಿ ಮೊಬೈಲ್ ಸಿಗ್ನಲ್ ಸಿಗದಿದ್ದರೆ ಓಟಿಪಿ ಬಾರದೆ ಡೆಲಿವರಿ ಹುಡುಗನೂ ನಿವಾಸಿಯೂ ಪೆಟ್ಟಿಗೆಯ ಮುಂದೆ ಕಾಯುತ್ತ ನಿಲ್ಲಬೇಕಾಗುತ್ತದೆ. ಜೋರು ಮಳೆಗೆ ನೀರು ನುಗ್ಗಿದರೆ ಕೆಳಸಾಲು ಹಾಳು. ಗೇಟಿನ ಒಳಗೆ, ಇರಚಲು ಹೊಡೆಯದ, ಬೈಕ್ ನಿಲ್ಲಿಸಿದರೂ ಕಾರುಗಳಿಗೆ ಅಡ್ಡಿಯಾಗದ ಗೋಡೆ ಸೂಕ್ತ. ಫುಟ್‌ಪಾತ್ ಪಾದಚಾರಿಗಳದ್ದು, ಅದನ್ನು ಮುಟ್ಟಬಾರದು. ವೃದ್ಧರಿಗೂ ಗಾಲಿಕುರ್ಚಿ ಬಳಸುವವರಿಗೂ ಕೈಗೆಟಕುವ ಎತ್ತರದ ಖಾನೆಗಳನ್ನೇ ಹಂಚುವಂತೆ ತಂತ್ರಾಂಶದಲ್ಲಿ ವ್ಯವಸ್ಥೆ ಕೇಳಿ. ಕರೆಂಟು ಹೋದಾಗಲೂ ಬಾಗಿಲು ತೆರೆಯಲು ಯುಪಿಎಸ್ ಬೇಕು.

ಹಾಲು–ತರಕಾರಿ, ತೆರೆದು ಪರೀಕ್ಷಿಸಿ ಪಡೆಯಬೇಕಾದ ವಸ್ತು, ಹಣ ಪಾವತಿಯಾಗದ ಪಾರ್ಸೆಲ್ ಇವು ಲಾಕರಿಗೆ ಹೊಂದುವುದಿಲ್ಲ.

ಕೊನೆಯದಾಗಿ ಒಪ್ಪಂದ: ಪಾರ್ಸೆಲ್ ಕಳೆದರೆ ಹೊಣೆ ಯಾರದು, ನಿವಾಸಿಗಳ ಫೋನ್ ಸಂಖ್ಯೆ ಯಾರ ಬಳಿ ಎಷ್ಟು ದಿನ ಇರುತ್ತದೆ, ಒಪ್ಪಂದ ಮುಗಿದ ಮೇಲೆ ಪೆಟ್ಟಿಗೆಯನ್ನು ಕಳಚಿ ಗೋಡೆ ಸರಿಪಡಿಸುವ ಖರ್ಚು ಯಾರ ಪಾಲು ಎಂಬುದೆಲ್ಲ ಸಹಿಗೆ ಮೊದಲೇ ಬರಹದಲ್ಲಿರಲಿ.