ಸಬ್‌ಡಕ್ಷನ್ ವಲಯದ ಚಿತ್ರ ಸರಿಯಾಗಿ ಬಿಡಿಸುವುದು ಹೇಗೆ?

ಒಂದು ಭೂಫಲಕ ಇನ್ನೊಂದರ ಅಡಿಗೆ ಇಳಿಯುವ ಜಾಗವೇ ಸಬ್‌ಡಕ್ಷನ್ ವಲಯ. ವಿಜ್ಞಾನ ಮೇಳಕ್ಕೆ ಹೋದರೆ ಅದರ ಈ ಚಿತ್ರ ಕಂಡೇ ಕಾಣುತ್ತದೆ. ಸಮುದ್ರತಳದ ಭೂಫಲಕ ಇನ್ನೊಂದು ಫಲಕದ ಅಡಿಗೆ ನುಗ್ಗುತ್ತದೆ, ಆಳದಲ್ಲಿ ಕಾದು ಕರಗುತ್ತದೆ, ಕರಗಿದ್ದು ಮೇಲೆ ಬಂದು ಜ್ವಾಲಾಮುಖಿಯಾಗುತ್ತದೆ. ನೋಡಲು ಚೆನ್ನಾಗಿರುತ್ತದೆ. ಆದರೆ ಮುಖ್ಯ ವಿಷಯವೇ ತಪ್ಪು. ಇಳಿಯುವ ಫಲಕ ಸಾಮಾನ್ಯವಾಗಿ ಹಾಗೆ ಕರಗುವುದೇ ಇಲ್ಲ. ಸರಿಯಾದ ಚಿತ್ರ ಬಿಡಿಸುವುದು ಕಷ್ಟವೇನಲ್ಲ. ಪೂರ್ತಿ ಅಳತೆಯ ಒಂದು ಚಾರ್ಟ್ ಹಾಳೆ, ಪೆನ್ಸಿಲ್, ಸ್ಕೇಲು, ನೀಲಿ, ಹಸಿರು, ಕೆಂಪು ಬಣ್ಣ ಇದ್ದರೆ ಸಾಕು.

1. ಒಂದು ಜಾಗ ಆರಿಸಿಕೊಳ್ಳಿ. ಎಲ್ಲ ಕಡೆಗೂ ಹೊಂದುವ ಚಿತ್ರ ಅಂತ ಒಂದಿಲ್ಲ. ಪಶ್ಚಿಮ ಪೆಸಿಫಿಕ್ ಸಾಗರದ ಮರಿಯಾನಾದ ಆಳದಲ್ಲಿ ಫಲಕ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತದೆ. ಮಧ್ಯ ಚಿಲಿಯ ಒಂದು ಭಾಗದಲ್ಲಿ ಅಡ್ಡಡ್ಡ ಮಲಗಿದಂತೆ ಸಾಗುತ್ತದೆ, ಹಾಗಾಗಿ ಅದರ ಮೇಲೆ ಈಗ ಜೀವಂತ ಜ್ವಾಲಾಮುಖಿಗಳೇ ಇಲ್ಲ. ಮೊದಲ ಸಲ ಬಿಡಿಸುವವರು ಈಶಾನ್ಯ ಜಪಾನನ್ನೇ ತೆಗೆದುಕೊಳ್ಳಿ. ಅಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಒಂದರ ಪಕ್ಕ ಒಂದಿದೆ.

2. ಅಳತೆ. 1 ಸೆಂಟಿಮೀಟರ್‌ಗೆ 10 ಕಿಲೋಮೀಟರ್. ಉದ್ದಕ್ಕೂ ಆಳಕ್ಕೂ ಇದೇ ಅಳತೆ ಇರಲಿ. ಆಗ ಜಪಾನಿನ ಅಡಿಗೆ ಇಳಿಯುವ ಪೆಸಿಫಿಕ್ ಫಲಕ 8ರಿಂದ 10 ಸೆಂಟಿಮೀಟರ್ ದಪ್ಪದ ಪಟ್ಟಿಯಾಗುತ್ತದೆ. ಅದರ ಮೇಲಿನ ತೊಗಟೆ ಬರೀ 7 ಮಿಲಿಮೀಟರ್. ಜಪಾನ್ ಕಂದಕ (ಫಲಕ ಬಾಗಿ ಇಳಿಯುವ ಕಡೆ ಸಮುದ್ರತಳದಲ್ಲಿರುವ ಉದ್ದನೆಯ ತಗ್ಗು) 7 ಕಿಲೋಮೀಟರ್‌ಗಿಂತ ಜಾಸ್ತಿ ಆಳವಿದ್ದರೂ ಹಾಳೆಯ ಮೇಲೆ 1 ಸೆಂಟಿಮೀಟರ್ ಕೂಡ ಇಳಿಯುವುದಿಲ್ಲ. ಅಲ್ಲಿನ ಇವಾತೆ ಜ್ವಾಲಾಮುಖಿಯ ಎತ್ತರ 2,038 ಮೀಟರ್, ಅಂದರೆ 2 ಮಿಲಿಮೀಟರ್! ಚಿತ್ರ ಸಪ್ಪೆಯಾಯಿತು ಅಂತ ಬೆಟ್ಟವನ್ನು ಎಳೆದು ದೊಡ್ಡದು ಮಾಡಬೇಡಿ. 10 ಸೆಂಟಿಮೀಟರ್ ಜ್ವಾಲಾಮುಖಿ ಬರೆದರೆ 100 ಕಿಲೋಮೀಟರ್ ಎತ್ತರದ ಬೆಟ್ಟ ಬರೆದಂತೆ.

3. ಇಳಿಯುವ ಫಲಕ. ಕಂದಕದ ಹತ್ತಿರ ಇಳಿಜಾರು ತೀರಾ ಕಡಿಮೆ. ಆಮೇಲೆ ಮೆಲ್ಲಗೆ ಬಾಗಿ ಸುಮಾರು 30 ಡಿಗ್ರಿಗೆ ತಿರುಗಲಿ. ಮೂಲೆ ಬರಬಾರದು. ಥರ್ಮಾಕೋಲ್ ಮಾದರಿಗಳು ನನಗೆ ಹಿಡಿಸದಿರುವುದು ಇದಕ್ಕೇ. ಅದು ಬಾಗುವುದಿಲ್ಲ, ಹಾಗಾಗಿ ಎರಡು ತುಂಡು ಅಂಟಿಸಿ ಮೊಣಕೈ ಮಾಡಿಬಿಡುತ್ತಾರೆ. ಫಲಕವನ್ನು ತುದಿಯವರೆಗೂ ನೀಲಿಯಲ್ಲೇ ತುಂಬಿ. ಅದು ಹಳೆಯದು, ತಣ್ಣಗಿದೆ, ಸುತ್ತಲಿನ ಬಿಸಿ ಮ್ಯಾಂಟಲ್‌ಗಿಂತ (ತೊಗಟೆಯ ಕೆಳಗಿನ ದಪ್ಪ ಬಂಡೆಯ ಪದರಕ್ಕಿಂತ) ಭಾರ. ಅದಕ್ಕೇ ಮುಳುಗುತ್ತದೆ. ಬಾಣದ ಗುರುತನ್ನು ಮುಳುಗುವ ತುದಿಯಲ್ಲಿ ಹಾಕಿ. ಫಲಕವನ್ನು ನಡೆಸುವ ದೊಡ್ಡ ಬಲ ಅಲ್ಲಿಂದ ಎಳೆಯುವ ಭಾರವೇ ಹೊರತು ಹಿಂದಿನಿಂದ ನೂಕುವುದಲ್ಲ.

4. ಕರಗುವ ಜಾಗ. ಇಲ್ಲಿ ಆತುರ ಬೇಡ. ಹೆಚ್ಚಿನವರು ಕೆಡಿಸುವುದು ಇಲ್ಲೇ.

ಫಲಕ ವರ್ಷಕ್ಕೆ 8ರಿಂದ 9 ಸೆಂಟಿಮೀಟರ್ ಸರಿಯುತ್ತದೆ. ಕಂದಕದಿಂದ 100 ಕಿಲೋಮೀಟರ್ ಆಳ ಮುಟ್ಟಲು ಸುಮಾರು 40 ಲಕ್ಷ ವರ್ಷ ಬೇಕು. ತುಂಬಾ ಕಾಲ ಅನ್ನಿಸುತ್ತದೆ, ಅಲ್ವಾ? ಆದರೆ ಬಂಡೆಯೊಳಗೆ ಶಾಖ ಹರಿಯುವುದು ಅದಕ್ಕಿಂತ ನಿಧಾನ. ಅಷ್ಟು ದಪ್ಪದ ಫಲಕದ ಒಳಭಾಗ ಅಷ್ಟರಲ್ಲಿ ಕಾಯುವುದಿಲ್ಲ. ಅದು ತಣ್ಣಗೇ ಇರುತ್ತದೆ.

ಹಾಗಾದರೆ ಕರಗುವುದು ಯಾವುದು? ಇಳಿಯುವ ಫಲಕಕ್ಕೂ ಮೇಲಿನ ಫಲಕಕ್ಕೂ ನಡುವೆ ತ್ರಿಕೋನದಂಥ ಜಾಗ ಉಳಿಯಿತಲ್ಲ, ಅಲ್ಲಿನ ಮ್ಯಾಂಟಲ್. ಅದನ್ನು ಕರಗಿಸುವುದು ನೀರು. ಸಮುದ್ರದ ತಳದಲ್ಲಿ ಕೋಟ್ಯಂತರ ವರ್ಷ ಇದ್ದ ಬಂಡೆಯ ಖನಿಜಗಳ ರಚನೆಯೊಳಗೇ ನೀರು ಸೇರಿಕೊಂಡಿರುತ್ತದೆ. ಆಳಕ್ಕೆ ಹೋದಂತೆ ಒತ್ತಡ, ಬಿಸಿ ಏರುತ್ತವೆ. ಆ ಖನಿಜಗಳು ತಾಳಲಾರದೆ ಒಡೆದು ಬೇರೆ ಖನಿಜಗಳಾಗುತ್ತವೆ, ನೀರು ಹೊರಬಂದು ಮೇಲಕ್ಕೇರುತ್ತದೆ. ನೀರಿಲ್ಲದ ಮ್ಯಾಂಟಲ್ ಬಂಡೆ ಆ ಆಳದಲ್ಲಿ ಕರಗಬೇಕಾದರೆ 1,400 ಡಿಗ್ರಿ ಸೆಲ್ಸಿಯಸ್ ದಾಟಬೇಕು. ನೀರು ಸೇರಿದರೆ ನೂರಾರು ಡಿಗ್ರಿ ಕಡಿಮೆಯಲ್ಲೇ ಕರಗಲು ಶುರುವಾಗುತ್ತದೆ. ಮಂಜುಗಡ್ಡೆಗೆ ಉಪ್ಪು ಹಾಕಿದರೆ ಬಿಸಿ ಮಾಡದೆಯೇ ನೀರಾಗುವುದಿಲ್ಲವೇ, ಹಾಗೆ.

ಈಗ ಪೆನ್ಸಿಲ್ ಹಿಡಿಯಿರಿ. ನೀಲಿ ಪಟ್ಟಿಯ ಮೇಲ್ಮೈ 10 ಸೆಂಟಿಮೀಟರ್ ಆಳ ಮುಟ್ಟುವ ಕಡೆ ಒಂದು ಗುರುತು ಹಾಕಿ. ಅದರ ಆಸುಪಾಸಿನಿಂದ ಮೇಲಕ್ಕೆ ಸಣ್ಣ ಹಸಿರು ಗೆರೆಗಳು, ಇವು ನೀರು. ಗೆರೆಗಳು ತ್ರಿಕೋನದ ನಡುವಿನ ಬಿಸಿ ಭಾಗ ಸೇರಿದ ಮೇಲೆ ಮಾತ್ರ ಕೆಂಪು ಚುಕ್ಕೆಗಳು ಶುರುವಾಗಲಿ. ಕೆಂಪು ನೀಲಿಯನ್ನು ಮುಟ್ಟಬಾರದು. ಫಲಕಕ್ಕೆ ಅಂಟಿಕೊಂಡಿರುವ ಮ್ಯಾಂಟಲ್ ಕೂಡ ತಣ್ಣಗಿರುವುದರಿಂದ ನಡುವೆ ಸ್ವಲ್ಪ ಜಾಗ ಬಿಡಿ. ರೆಡಿಮೇಡ್ ಚಾರ್ಟ್‌ಗಳಲ್ಲಿ ಫಲಕದ ತುದಿಗೇ ಕೆಂಪು ಬಳಿದಿರುತ್ತಾರೆ. ಅಂಥದ್ದನ್ನು ನೋಡಿ ನಕಲು ಮಾಡಲೇಬೇಡಿ. ಕೊನೆಗೆ ಜಪಾನಿನ ಹಿಂಬದಿಯಿಂದ, ಅಂದರೆ ಕಂದಕ ಇಲ್ಲದ ಬದಿಯಿಂದ, ತ್ರಿಕೋನದೊಳಗೆ ಒಂದು ಬಾಗಿದ ಬಾಣ ಎಳೆಯಿರಿ. ಇಳಿಯುವ ಫಲಕ ತನ್ನ ಜೊತೆ ಮ್ಯಾಂಟಲನ್ನೂ ಕೆಳಗೆ ಎಳೆಯುತ್ತದೆ, ಆ ಜಾಗಕ್ಕೆ ಹಿಂದಿನಿಂದ ಹೊಸ ಬಿಸಿ ಬಂಡೆ ಬರುತ್ತದೆ. ಈ ಬಾಣ ಇಲ್ಲದಿದ್ದರೆ ಅಲ್ಲಿ ಬಿಸಿ ಹೇಗೆ ಉಳಿಯಿತು ಅನ್ನುವ ಪ್ರಶ್ನೆಗೆ ಉತ್ತರವಿರುವುದಿಲ್ಲ.

5. ಜ್ವಾಲಾಮುಖಿ. ಕಂದಕದಿಂದ 30 ಸೆಂಟಿಮೀಟರ್ ಆಸುಪಾಸಿನಲ್ಲಿ, ನಿಮ್ಮ 10 ಸೆಂಟಿಮೀಟರ್ ಗುರುತಿನ ನೇರ ಮೇಲೆ.

6. ಭೂಕಂಪಗಳು. ಇಳಿಯುವ ಫಲಕದ ಉದ್ದಕ್ಕೂ ಕಪ್ಪು ಚುಕ್ಕೆಗಳು. ಇಂಥ ಕಂಪನಗಳು ಸುಮಾರು 700 ಕಿಲೋಮೀಟರ್ ಆಳದವರೆಗೂ ಆಗುತ್ತವೆ, ಆದ್ದರಿಂದ ಚುಕ್ಕೆಗಳ ಸಾಲು ಹಾಳೆಯ ಅಂಚಿನವರೆಗೂ ಹೋಗಲಿ. ಎರಡು ಫಲಕಗಳು ಉಜ್ಜುವ ಗೆರೆಯಲ್ಲಿ, ಮೇಲಿನ 5 ಸೆಂಟಿಮೀಟರ್ ಆಳದವರೆಗೆ, ದಪ್ಪ ಗೆರೆ ಎಳೆಯಿರಿ. ಫಲಕಗಳು ಕಚ್ಚಿಕೊಂಡು ನಿಲ್ಲುವುದು ಹೆಚ್ಚಾಗಿ ಇಲ್ಲಿ. ಮೇಲಿನ ಫಲಕದ ಅಂಚು ನೂರಾರು ವರ್ಷ ಕೆಳಕ್ಕೆ ಎಳೆಸಿಕೊಂಡು ಬಾಗುತ್ತಾ ಹೋಗುತ್ತದೆ, ಹಿಡಿತ ತಪ್ಪಿದಾಗ ಕೆಲವೇ ನಿಮಿಷಗಳಲ್ಲಿ ಚಿಮ್ಮುತ್ತದೆ. 2011ರ ಮಾರ್ಚ್ 11ರಂದು ಇದೇ ಜಾಗದಲ್ಲಿ ಕಂದಕದ ಹತ್ತಿರ ಫಲಕ ಸುಮಾರು 50 ಮೀಟರ್ ಜಾರಿತು. ಸಮುದ್ರತಳ ಮೇಲೆದ್ದು ನೀರನ್ನು ಎತ್ತಿತು, ಅದೇ ಸುನಾಮಿ. ಅದೇ ಹೊತ್ತಿಗೆ ಅಲ್ಲಿನ ಕರಾವಳಿಯ ಓಶಿಕಾ ಪರ್ಯಾಯದ್ವೀಪ 5 ಮೀಟರ್‌ಗಿಂತ ಜಾಸ್ತಿ ಪೂರ್ವಕ್ಕೆ ಸರಿದು, 1 ಮೀಟರ್‌ಗಿಂತ ಜಾಸ್ತಿ ಕುಸಿಯಿತು. ಆದ್ದರಿಂದ ಕೊನೆಯ ಎರಡು ಬಾಣಗಳನ್ನು ಒಂದೇ ದಿಕ್ಕಿಗೆ ಹಾಕಬೇಡಿ. ಕಂದಕದ ಪಕ್ಕದ ತಳಕ್ಕೆ ಮೇಲ್ಮುಖ ಬಾಣ, ಕರಾವಳಿಗೆ ಕೆಳಮುಖ ಬಾಣ.