ಮೂರು ಸಲ ಬಿಚ್ಚಿದ ಕೌಲ್

ಬೀದರಿನ ಡಿಸೆಂಬರ್ ಹೇಗಿರುತ್ತೆ ಅನ್ನೋದು ಬೆಳಿಗ್ಗೆ ಏಳಕ್ಕೆ ಸ್ಕೂಟಿ ಹತ್ತಿದವರಿಗೇ ಗೊತ್ತು. ಮಫ್ಲರ್ ಸುತ್ತಿಕೊಂಡರೆ ತುದಿ ಹಾರಿ ಚಕ್ರದ ಕಡೆ ಹೋಗುತ್ತೆ. ತುದಿಯೇ ಇಲ್ಲದ, ತಲೆಯಿಂದ ತೂರಿಸಿಕೊಳ್ಳುವ ಕೌಲ್ ಹೆಣೆಯೋಣ ಅಂತ ಹೊರಟೆ. ನೀಲಿ, ರಾಣಿ, ಸಾಸಿವೆ ಬಣ್ಣಗಳು ಒಂದೇ ಎಳೆಯಲ್ಲಿ ಬದಲಾಗುವ ಅಕ್ರಿಲಿಕ್ ಉಲನ್ ಎರಡು ಉಂಡೆ ಹೈದರಾಬಾದಿನಿಂದ ತರಿಸಿದೆ.

ಸೂಜಿ 4 ಮಿ.ಮೀ., 40 ಸೆಂ.ಮೀ. ಸರ್ಕ್ಯುಲರ್, ಅಂದರೆ ಎರಡು ತುದಿಯನ್ನು ತಂತಿ ಜೋಡಿಸಿದ, ಸುತ್ತಾಗಿ ಹೆಣೆಯೋ ಸೂಜಿ. 108 ಕುಣಿಕೆ, ಜಪಮಾಲೆಯ ಲೆಕ್ಕ, ಮರೆಯೋ ಹಾಗೇ ಇಲ್ಲ. ಸುತ್ತಿನ ಗುರುತಿಗೆ ಹಳೆಯ ಕಾಲುಂಗುರ ಹಾಕಿದ್ದೆ. ಬಾಯಿ ಬಿಟ್ಟ ಉಂಗುರ ಎಳೆಗೆ ಸಿಕ್ಕಿಕೊಂಡು ಪ್ರಾಣ ತಿಂತು, ಆಮೇಲೆ ಕೆಂಪು ದಾರದ ಗಂಟೇ ಸಾಕಾಯ್ತು. ಆರು ಸುತ್ತು ಆದಮೇಲೆ ನೋಡಿದರೆ ಪಟ್ಟಿ ತಿರುಚಿಕೊಂಡಿದೆ. ಅದಕ್ಕೆ ಮದ್ದಿಲ್ಲ, ಬಿಚ್ಚೋದೇ. ಈಗ ಮೊದಲ ಎರಡು ಸಾಲು ಮಾಮೂಲಿನಂತೆ ಹೋಗಿ ಬಂದು ಹೆಣೆದು, ಆಮೇಲೆ ಜೋಡಿಸ್ತೀನಿ. ಉಳಿಯುವ ಸಣ್ಣ ಸೀಳನ್ನು ಶುರುವಲ್ಲಿ ಬಿಟ್ಟ ಬಾಲದ ಎಳೆಯಿಂದ ಹೊಲಿದರೆ ಮುಗೀತು.

ಎರಡನೇ ಸಲ ಎಲೆಯ ಜಾಲಿ, ಅಂದರೆ ತೂತು ತೂತಿನ ಹೆಣಿಗೆ, ಹಾಕಿದೆ. ನಾಲ್ಕು ಬೆರಳಷ್ಟು ಬೆಳೆದಾಗ ಗೋಡೆಗೆ ಹಿಡಿದು ನೋಡಿದೆ: ಎಲೆಯೂ ಇಲ್ಲ, ಬಳ್ಳಿಯೂ ಇಲ್ಲ, ಬರೀ ಬಣ್ಣದ ಗಲಾಟೆ. ಮನೆಯಲ್ಲೇ ಇದ್ದ ಬಿದರಿ ಹೂದಾನಿ ನೋಡಿದ ಮೇಲೆ ತಲೆಗೆ ಹೋಯ್ತು. ಅಷ್ಟು ಸಣ್ಣ ಬೆಳ್ಳಿ ಕುಸುರಿ ಎದ್ದು ಕಾಣೋದು ನೆಲ ಪೂರ್ತಿ ಕಪ್ಪಗಿರೋದರಿಂದ. ನೆಲವೇ ಮೂರು ಬಣ್ಣವಾದರೆ ಕುಸುರಿಗೆ ಜಾಗ ಎಲ್ಲಿ?

ಹಾಗಾಗಿ ಅಲೆಯ ಜಾಲಿಗೆ ಬಂದೆ. ಮತ್ತೆ ಮತ್ತೆ ಬರೋ ವಿನ್ಯಾಸ 18 ಕುಣಿಕೆಯ ಒಂದು ಮಡಿ, ಸುತ್ತಿಗೆ ಆರು ಮಡಿ. ಎರಡು ಸುತ್ತು ಸೀದಾ, ಅಂದರೆ ನಯವಾದ ಮಗ್ಗುಲು ಮುಂದೆ ಬರೋ ಹೆಣಿಗೆ. ಮೂರನೇ ಸುತ್ತಲ್ಲಿ ಎರಡೆರಡು ಕುಣಿಕೆ ಸೇರಿಸಿ ಸೀದಾ ಮೂರು ಸಲ, ಎಳೆ ಮುಂದೆ ತಂದು ಒಂದು ಸೀದಾ ಆರು ಸಲ, ಮತ್ತೆ ಎರಡೆರಡು ಸೇರಿಸೋದು ಮೂರು ಸಲ. ನಾಲ್ಕನೇದು ಪೂರ್ತಿ ಉಲ್ಟಾ, ಉಬ್ಬಿನ ಮಗ್ಗುಲು ಮುಂದೆ. ಆರು ಕಳೆದು ಆರು ಕೂಡಿದ್ದರಿಂದ 18 ಅಷ್ಟೇ ಉಳಿಯುತ್ತೆ, ಮಡಿಗೊಮ್ಮೆ ಎಣಿಸ್ತೀನಿ. ಪಟ್ಟೆಗಳೇ ಅಲೆಯಾಗಿ ಬಾಗುತ್ತವೆ, ಬಣ್ಣ ಜಾಲಿಯ ಜೊತೆ ಜಗಳ ಆಡೋದಿಲ್ಲ. ಉಲ್ಟಾ ಸುತ್ತಲ್ಲಿ ಹಿಂದಿನ ಬಣ್ಣ ಚುಕ್ಕಿ ಚುಕ್ಕಿಯಾಗಿ ಇಣುಕುತ್ತೆ, ನನಗದು ಇಷ್ಟ.

ಅಷ್ಟರಲ್ಲಿ ಮೂರನೇ ಕಂಟಕ. ಪ್ರತಿ ಸುತ್ತಿಗೂ ಹೆಚ್ಚುಕಡಿಮೆ ಮೂರೂ ಬಣ್ಣ ಒಮ್ಮೆ ಬಂದು ಹೋಗುವಷ್ಟೇ ಎಳೆ ಖರ್ಚಾಗೋದರಿಂದ ರಾಣಿ ಬಣ್ಣ ಒಂದೇ ಕಡೆ ಬಂದು ಕೂತು, ಅಡಿಕೆ ಉಗುಳಿದ ಹಾಗೆ ಕಲೆ. ಮತ್ತೆ ಬಿಚ್ಚಿ, ಎರಡೂ ಉಂಡೆ ಒಟ್ಟಿಗೆ ಹಿಡಿದು ಒಂದು ಸುತ್ತು ಇದರದು, ಒಂದು ಅದರದು ಮಾಡಿದೆ. ಎರಡನೇ ಉಂಡೆಯನ್ನು ಬೇರೆ ಬಣ್ಣದಿಂದ ಶುರು ಮಾಡಬೇಕು, ಬದಲಿಸುವಾಗ ಎಳೆ ಜಗ್ಗಬಾರದು. ಜಗ್ಗಿದರೆ ಅಲ್ಲಿ ನೆರಿಗೆ ಬೀಳುತ್ತೆ. ತಪ್ಪಿದರೆ ಅಲ್ಲಿಯವರೆಗಷ್ಟೇ ಬಿಚ್ಚೋಕೆ ಅಂತ ಎಂಟು ಸುತ್ತಿಗೊಮ್ಮೆ ಕುಣಿಕೆಗಳಲ್ಲಿ ಸೂಜಿದಾರ ಪೋಣಿಸಿ ಬಿಟ್ಟೆ, ಇನ್ನೊಮ್ಮೆ ಬುಡದವರೆಗೆ ಬಿಚ್ಚೋ ಧೈರ್ಯ ನನಗಿರಲಿಲ್ಲ.

ಕೊನೆಗೆ ಜಾಲಿ ತೆರೆಯಬೇಕಲ್ಲ. ಉಣ್ಣೆಯಾದರೆ ನೆನೆಸಿ, ಪಿನ್ ಚುಚ್ಚಿ ಒಣಗಿಸಿದರೆ ಆಯ್ತು. ಅಕ್ರಿಲಿಕ್‌ಗೆ ಹಬೆ ಬೇಕು, ಅದೂ ಇಸ್ತ್ರಿಪೆಟ್ಟಿಗೆ ಒಂದಂಗುಲ ಮೇಲೆ ಹಿಡಿದು. ಮಾದರಿ ತುಂಡಿಗೆ ಇಸ್ತ್ರಿ ತಾಗಿಸಿದ್ದೆ. ಕರಗಿ, ಮಿರಮಿರ ಮಿಂಚುವ ರೊಟ್ಟಿಯಾಯ್ತು. ಅದೀಗ ಚಹಾ ಲೋಟದ ಕೆಳಗಿದೆ.